ಅಂಗೈ ಬಿಸಿಯಾಗುವ ತನಕ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಪಾಳಿ ಮುಗಿಸಿ
ಸೈಕಲ್ ತುಳಿದು ಬಂದಾಗ ರಾತ್ರಿ ಒಂದೂವರೆ.
ಕೊಡವೂರಿನ ತಿರುವಿನಲ್ಲೇ ಕೇಳಿಸಿತು,
ನನ್ನ ಮನೆಯದೇ ಅಳು.
ಇಪ್ಪತ್ತೊಂದು ದಿನದಲ್ಲಿ ಅಷ್ಟು ಗುರುತು ಸಿಕ್ಕಿದೆ:
ಹಸಿವಿನದು ಎಳೆದೆಳೆದು ಬರುತ್ತದೆ, ಒದ್ದೆಯದು ಗೊಣಗುತ್ತದೆ,
ಇದು ಮಾತ್ರ ಬಟ್ಟೆ ಹರಿದ ಹಾಗೆ.

ಒಳಗೆ ಶಶಿಕಲಾ, ತುರುಬು ಬಿಚ್ಚಿಹೋಗಿ,
"ಹತ್ತು ಗಂಟೆಯಿಂದ ಹೀಗೇ" ಎಂದಳು, ಅಷ್ಟೆ.
ಅವಳ ಹೆಗಲ ಮೇಲೆ ನಮ್ಮ ಹುಡುಗಿ,
ಮೊಣಕಾಲು ಹೊಟ್ಟೆಗೆ ಒತ್ತಿ, ಮುಷ್ಟಿ ಬಿಗಿದು,
ಮುಖ ಮೊದಲು ಕೆಂಪು, ಆಮೇಲೆ ನೇರಳೆ.
ಹೊಟ್ಟೆಯೋ, ಹುರಿ ಬಿಗಿದ ಚೆಂಡೆ.

ಗುಲಾಬಿ ಅತ್ತೆ ಆಗಲೇ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದರು.
ಘಾಟೇ ಬರಲಿಲ್ಲವಂತೆ, ಅಂದರೆ ದೃಷ್ಟಿ ನಿಜವಂತೆ.
ಹೇಳುತ್ತ ಹೇಳುತ್ತ ಕೆಮ್ಮಿದರು.
ಹೊಕ್ಕುಳ ಸುತ್ತ ಇಂಗಿನ ಉಂಗುರ,
ಬಾಡಿಸಿ ಇಟ್ಟ ವೀಳ್ಯದೆಲೆ ಜಾರಿ ಚಾಪೆಯ ಮೇಲೆ.
ಬಜೆ ತೇಯಲು ಕೂತವರನ್ನು ಶಶಿ ತಡೆದಳಂತೆ:
"ಹಾಲು ಬಿಟ್ಟು ಬೇರೇನೂ ಬಾಯಿಗೆ ಬೇಡ ಅಂದಿದ್ದಾರೆ ನರ್ಸಮ್ಮ."
ಆಮೇಲೆ ತಾಯಿ ಮಗಳಿಗೆ ಮಾತಿಲ್ಲ.

"ಕೊಡು ಇಲ್ಲಿ" ಎಂದೆ. ಮುಟ್ಟಿದೆ.
ಕಿರುಚಿದ ಕಿರುಚಿಗೆ ಪಕ್ಕದ ಮನೆಯ ಲೈಟು ಹತ್ತಿತು.

ಎಂಟು ಗಂಟೆ ಮಂಜುಗಡ್ಡೆ ಎಳೆದ ಕೈ.
ಕೊಕ್ಕೆ ಹಾಕಿ ಜಾರಿಸಿ, ಪುಡಿ ಮಾಡಿಸಿ
ಬೋಟಿನ ಹೊಟ್ಟೆಗೆ ತುಂಬಿದ ಕೈ.
ಬಂಗುಡೆ, ಬೂತಾಯಿ ಕೆಡದ ಹಾಗೆ ಕಾಯಲು
ಈ ಕೈಗೆ ಗೊತ್ತು. ಅದೊಂದೇ ಗೊತ್ತು.

ನನಗೆಂದು ಇಟ್ಟ ಕುಚ್ಚಲಕ್ಕಿ ಗಂಜಿ
ಒಲೆಯ ಮೇಲೆ ಇನ್ನೂ ಹಬೆಯಾಡುತ್ತಿತ್ತು.
ಪಾತ್ರೆಗೆ ಎರಡೂ ಅಂಗೈ ಒತ್ತಿ ನಿಂತೆ,
ಬೆರಳ ತುದಿ ಜುಮುಗುಟ್ಟಿ, ಗಿಣ್ಣು ಸಡಿಲಿ,
ಕೈಗೆರೆಗಳೊಳಗೆ ಬಿಸಿ ಇಳಿಯುವ ತನಕ.
ಯಾವ ಗಡ್ಡೆ ಎಷ್ಟು ಹೊತ್ತಿಗೆ ಕರಗುತ್ತದೆ, ಕಣ್ಣಳತೆಯಲ್ಲೇ ಹೇಳುತ್ತೇನೆ.
ಮಗು ಅಳುವಾಗ ಆ ಲೆಕ್ಕ ನಡೆಯುವುದಿಲ್ಲ.

ಮೂರು ದಿನದ ಮೇಲೆ ಇವತ್ತಷ್ಟೇ ಬಂದರಿನ ಬಾವುಟ ಇಳಿದಿತ್ತು.
ಗಾಳಿ ತಗ್ಗಿತೆಂದು ಬೋಟುಗಳೆಲ್ಲ ಒಟ್ಟಿಗೇ ಐಸಿಗೆ ಬಂದು ನಿಂತಿದ್ದವು.
ಸಮುದ್ರದ ಗಾಳಿಗೆ ಬಾವುಟವಿದೆ, ರೇಡಿಯೋ ಇದೆ,
ತಾಂಡೇಲರ ಮೂಗಿದೆ.
ಗೇಣೂ ಇಲ್ಲದ ಈ ಹೊಟ್ಟೆಯೊಳಗಿನ ಗಾಳಿಗೆ
ಹೊರಗಿನ ದಾರಿ ಯಾರು ತೋರಿಸಬೇಕು?

ಎಡ ಮುಂಗೈ ಮೇಲೆ ಬೋರಲು ಮಲಗಿಸಿಕೊಂಡೆ,
ಕೊಂಬೆಯ ಮೇಲೆ ಬೆಕ್ಕು ಬಿದ್ದುಕೊಂಡ ಹಾಗೆ.
ತಲೆ ನನ್ನ ಮೊಣಕೈ ಮಡಿಕೆಯಲ್ಲಿ,
ಹೊಟ್ಟೆಯಡಿ ಬಿಸಿ ಅಂಗೈ.
ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಏಳು ಹೆಜ್ಜೆ.
ಜೋಗುಳ ನನಗೆ ಬಾರದು. ಗಡ್ಡೆ ಎಣಿಸುವ ರಾಗದಲ್ಲೇ ಎಣಿಸಿದೆ:
ಒಂಜಿ, ರಡ್ಡ್, ಮೂಜಿ, ನಾಲ್...
ನೂರು ದಾಟಿತು. ಅಳು ಬಿಕ್ಕಾಯಿತು, ನಿಲ್ಲಲಿಲ್ಲ.

ಚಾಪೆಯ ಮೇಲೆ ಅಂಗಾತ ಮಲಗಿಸಿ
ಎರಡೂ ಪಾದ ಹಿಡಿದು ನಿಧಾನಕ್ಕೆ ಸೈಕಲ್ ತುಳಿಸಿದೆ.
ಹೆಸರೂ ಇಡದ ಹುಡುಗಿ, ಪಾಪ,
ರಾತ್ರಿ ಪಾಳಿಗೆ ಹೊರಟ ಹಾಗೆ.
ಮೊದಲು ಒಂದು ಸಣ್ಣದು, ಅನುಮಾನದ್ದು.
ಹಿಂದೆಯೇ,
ನನ್ನ ಅಪ್ಪನನ್ನೂ ನಾಚಿಸುವಂಥ ಒಂದು ಹೂಸು.
"ಪೋಂಡ್! ಪೋಂಡ್!" ಅತ್ತೆ ಚಪ್ಪಾಳೆ ತಟ್ಟಿದರು.
ಹೋದದ್ದು ಗಾಳಿಯೋ ದೃಷ್ಟಿಯೋ ಹೇಳಲಿಲ್ಲ.
ಶಶಿ ನಕ್ಕಳು, ನಗುತ್ತ ಅತ್ತಳು,
ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು.

ಈಗ ಮೂವರಿಗೂ ನಿದ್ದೆ.
ಗಂಜಿ ಆರಿ ಕೆನೆಗಟ್ಟಿದೆ.
ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲು ಧೈರ್ಯವಿಲ್ಲ,
ಉಸಿರಿಗೊಮ್ಮೆ ಅದೇ ಏರುತ್ತದೆ, ಅದೇ ಇಳಿಯುತ್ತದೆ.
ದೂರದಲ್ಲಿ ಬೋಟುಗಳ ಎಂಜಿನ್ನು ಒಂದೊಂದಾಗಿ ಎದ್ದವು.
ಮುಂಗೈಗೆ ಸೊಳ್ಳೆ ಬಂದು ಕೂತಿದೆ.
ಕುಡಿ,
ಸದ್ದು ಮಾಡದೆ ಕುಡಿದು ಹೋಗು.