ಒದ್ದೆಯಲ್ಲಿ ಒಣಗುವುದು

ಬಿಸಿಲಿಗಿಟ್ಟರೆ ಇದು ಒಣಗುವುದಿಲ್ಲ.
ಒದ್ದೆ ಬಟ್ಟೆ ಇಳಿಬಿಟ್ಟ ಕಪಾಟಿನ ಕತ್ತಲಲ್ಲಿ
ಪುಟ್ಟದೊಂದು ಮಳೆಗಾಲ ಕಟ್ಟಿಕೊಟ್ಟರೆ ಮಾತ್ರ
ಗಟ್ಟಿಯಾಗುತ್ತದೆ ಉರುಶಿಯ ಸೊನೆ.
ಕೆಲವು ಮಂದಿಯೂ ಹಾಗೆಯೇ, ಅನ್ನುತ್ತಿದ್ದಳು ಅತ್ತೆ.
ಯಾರೆಂದು ಹೇಳುತ್ತಿರಲಿಲ್ಲ.

ಕ್ಯೋತೊದ ಈ ಇಕ್ಕಟ್ಟು ಓಣಿಯಲ್ಲಿ
ಮಾವ ಸುಕೆಮಾಸ ಬರೆಯುತ್ತಾನೆ, ನಾನು ಉಜ್ಜುತ್ತೇನೆ.
ಅವನ ಕುಂಚಕ್ಕೆ ಇಲಿಯ ಬೆನ್ನಿನ ಕೂದಲು,
ಅದೂ ದೋಣಿಯಲ್ಲಿ ಬೆಳೆದ ಇಲಿಯದೇ ಆಗಬೇಕು;
ಊರ ಇಲಿಯ ಕೂದಲು ಗೋಡೆಗೆ ಉಜ್ಜಿ ತುದಿ ಸವೆದಿರುತ್ತದಂತೆ.
ಎಳೆದ ಗೆರೆ ಆರುವ ಮೊದಲು
ಗರಿಯ ಕೊಳವೆಯಿಂದ ಹೊನ್ನಿನ ಪುಡಿ
ತಟ್ಟಿ, ತಟ್ಟಿ, ಬೆರಳಿಗೂ ಕೇಳದ ಹಾಗೆ ತಟ್ಟಿ.
ಆಗ ಅವನು ಉಸಿರು ಬಿಡುವುದಿಲ್ಲ.
ನಾವೂ ಬಿಡುವುದಿಲ್ಲ. ಮಗು ಸೀನಿದರೆ
ಒಂದು ತಿಂಗಳ ಅಕ್ಕಿ ಹಾರಿಹೋಯಿತು.

ಈ ಸಲದ್ದು ಮದುವೆಯ ಪೆಟ್ಟಿಗೆ.
ಕನ್ನಡಿ, ಬಾಚಣಿಗೆ, ಹಲ್ಲಿಗೆ ಹಚ್ಚುವ ಕಪ್ಪಿನ ಬಟ್ಟಲು ಇಡಲಿಕ್ಕೆ.
ಮುಚ್ಚಳದ ಮೇಲೆ ಶರತ್ಕಾಲದ ಬಯಲು:
ಗಾಳಿ ಕಾಣದಿದ್ದರೂ ಬಾಗಿದ ಸುಸುಕಿ ಹುಲ್ಲು,
ಹಾಗಿ ಹೂವಿನ ಪೊದೆ, ಸೀಸದ ತಗಡಿನ ಚಂದ್ರ.
ಒಂದು ಬದಿಗೆ ಹೊಳೆ, ಹೊಳೆಯಲ್ಲಿ ಗಾಡಿಯ ಚಕ್ರಗಳು,
ಬಿರಿಯದಿರಲೆಂದು ನೆನೆಹಾಕಿದವು,
ಅರ್ಧ ನೀರಲ್ಲಿ, ಅರ್ಧ ಮುತ್ತಿನ ಚಿಪ್ಪಿನ ಬೆಳಕಲ್ಲಿ.
ಇನ್ನೊಂದು ಬದಿಗೆ ಅಲೆ, ಅಲೆಯ ಮೇಲೆ ಚಿದೊರಿ ಹಕ್ಕಿ.
ಮಾವ ಕಡಲನ್ನು ಕಂಡವನಲ್ಲ.
ಹಕ್ಕಿಗಳು ಅವನಪ್ಪನಿಂದ ಬಂದವು,
ಅಪ್ಪನಿಗೆ ಅವನಪ್ಪನಿಂದ.
ಎಷ್ಟು ತಲೆಮಾರಿನಿಂದ ಹಾರುತ್ತಿವೆಯೋ,
ಇನ್ನೂ ದಡ ಸಿಕ್ಕಿಲ್ಲ.

ಉತ್ತರದ ಬೆಟ್ಟದಿಂದ ಸೊನೆಯ ಪೀಪಾಯಿ ಹೊತ್ತು
ಕುಮಾವಾಕ ಬಂದದ್ದು ಆಗಲೇ.
ಹದಿನಾಲ್ಕು ತುಂಬಿರಲಿಕ್ಕಿಲ್ಲ,
ಮೊಣಕೈವರೆಗೆ ಸೊನೆ ಸುಟ್ಟ ಗುಳ್ಳೆ.
ಮುಚ್ಚಳವನ್ನು ಮುಟ್ಟದೆ, ಕೈ ಬೆನ್ನ ಹಿಂದೆ ಕಟ್ಟಿ,
ಬಹಳ ಹೊತ್ತು ನೋಡಿ ಕೇಳಿದ:
"ಎಲ್ಲ ಇದೆ. ಮರ ಎಲ್ಲಿ?"
ಯಾವ ಮರವೋ?
"ನಮ್ಮದು. ಉರುಶಿಯದು."

ಮಾವ ನಕ್ಕ. ನಂಜಿನ ಮರವನ್ನು
ಮದುವೆಯ ಪೆಟ್ಟಿಗೆಗೆ ಯಾರಪ್ಪ ಬರೆಸುತ್ತಾರೆ?
ಹುಡುಗ ನಗಲಿಲ್ಲ.
"ಚಳಿ ಬಿದ್ದಾಗ ಅದರಷ್ಟು ಕೆಂಪಾಗುವ ಎಲೆ
ನಮ್ಮ ಕಡೆ ಇನ್ನೊಂದಿಲ್ಲ.
ಬೇಸಿಗೆಯಲ್ಲೇ ಹೆಚ್ಚು ಗೀರಿಬಿಟ್ಟರೆ
ಆ ಕೆಂಪು ಬರುವ ಮೊದಲೇ ಸಾಯುತ್ತದೆ."
ಅಷ್ಟು ಹೇಳಿ ಗಂಜಿ ಕುಡಿದು ಮಲಗಿದ.

ಚರ್ಮದ ಹಾಸಿನ ಮಡಿಕೆಯಲ್ಲಿ
ಲೆಕ್ಕಕ್ಕೆ ಸಿಗದಷ್ಟು ಪುಡಿ ಯಾವಾಗಲೂ ಉಳಿಯುತ್ತದೆ.
ಆ ರಾತ್ರಿ ನಾನು ಮಾವನ ಕುಂಚ ಹಿಡಿದೆ.
ಮುಚ್ಚಳದ ಒಳಮೈಯ ಮೂಲೆಗೆ ಒಂದೇ ಕಡ್ಡಿ,
ಅದರ ಎರಡು ಮಗ್ಗುಲಿಗೂ ಸಣ್ಣ ಎಲೆ, ತುದಿಗೊಂದು.
ಗೆರೆ ನಡುಗಿತು.
ನಡುಗಲಿ, ಎಲೆಯಲ್ಲವೇ.

ಚಿತ್ರವೆಲ್ಲ ಮುಗಿದ ಮೇಲೆ ನಾವು ಅದರ ಮೇಲೆ ಕಪ್ಪು ಬಳಿಯುತ್ತೇವೆ.
ಹೊಸಬರು ಅಯ್ಯೋ ಅನ್ನುತ್ತಾರೆ.
ಹುಲ್ಲು, ಹೊಳೆ, ಹಕ್ಕಿ, ಎಲ್ಲಕ್ಕೂ ಒಂದೇ ಇರುಳು.
ಆಮೇಲೆ ಇದ್ದಿಲು, ನೀರು, ನನ್ನ ಕೈ;
ಕೊನೆಗೆ ಜಿಂಕೆಕೊಂಬಿನ ಬೂದಿ, ಬರಿಯ ಬೆರಳು.
ಕಡಿಮೆ ಉಜ್ಜಿದರೆ ಹುಲ್ಲು ಹುಟ್ಟದು,
ಒಂದು ಸುತ್ತು ಹೆಚ್ಚಾದರೆ ಹುಟ್ಟಿದ್ದೂ ಸತ್ತೀತು.
ಎಲ್ಲಿ ನಿಲ್ಲಿಸಬೇಕು, ಇಷ್ಟೇ ನನ್ನ ವಿದ್ಯೆ.
ಒಳಮೈಯ ಆ ಮೂಲೆಯಲ್ಲಿ
ಬೇಗ ನಿಲ್ಲಿಸಿದೆ.

ಮಾವ ಬೆಳಕಿಗೆ ಹಿಡಿದು ನೋಡಿದ. ಕಪ್ಪು.
ಕೊಂಡವರು ನೋಡಿದರು. ಒಳ್ಳೆಯ ಕಪ್ಪು, ಅಂದರು.
ಅತ್ತೆ ಹೇಳುತ್ತಿದ್ದಳು,
ವರ್ಷ ಕಳೆದ ಹಾಗೆ ಉರುಶಿ ತಿಳಿಯಾಗುತ್ತದೆ,
ಕಲಕಿದ ಕೆರೆ ತಾನೇ ತಿಳಿಯಾದಂತೆ,
ಆದರೆ ನೋಡಲು ನಾವಿರುವುದಿಲ್ಲ.
ಯಾವಳೋ ಮುದುಕಿ, ಆ ವಧುವಿನ ಮೊಮ್ಮಗಳ ಮೊಮ್ಮಗಳು,
ಬಾಚಣಿಗೆ ಹುಡುಕುತ್ತ
ಇದೇನು ಕಲೆಯೆಂದು ಸೆರಗಿನಿಂದ ಒರೆಸಿಯಾಳು.

ನನ್ನ ಹೆಬ್ಬೆರಳಲ್ಲಿ ಈಗ ಗೆರೆಗಳೇ ಇಲ್ಲ.
ಕುಮಾವಾಕ ಈ ವರ್ಷ ಬರಲಿಲ್ಲ,
ಪೀಪಾಯಿ ಹೊತ್ತು ಬೇರೆ ಯಾರೋ ಬಂದರು.
ನಾನು ಕೇಳಲಿಲ್ಲ.
ಕಪಾಟಿನ ಬಟ್ಟೆ ಒಣಗಿದೆ,
ನೀರು ಚಿಮುಕಿಸಬೇಕು.