ಉಕ್ಕಿನ ಗಂಟಲು

ನನ್ನ ಮೇಜಿನ ಮೇಲೊಂದು ಗಂಟಲಿದೆ.
ಉಕ್ಕಿನದು. ಹೆಬ್ಬೆರಳುದ್ದ, ಓರೆಯಾದ ತಳ.
ಮೂರು ತುಂಬದ ಯಾವ ಕೂಸಿನದಾದರೂ ಆಗಬಹುದು.
ಕೆಮ್ಮುವುದಿಲ್ಲ, ಅಳುವುದಿಲ್ಲ,
ಹಿಡಿಸಿದ್ದನ್ನೆಲ್ಲ ನುಂಗುತ್ತದೆ, ಅಷ್ಟೇ.

ಚೆಂಗ್‌ಹಾಯ್ ಊರಿನ ಈ ಮೂರನೇ ಮಹಡಿಯಲ್ಲಿ
ನಾವು ಮೂವರು ಹೆಂಗಸರು, ಮೂವರೂ ಹೆತ್ತವರು,
ಬೆಳಗಿನಿಂದ ಬೈಗಿನವರೆಗೆ ಆಟಿಕೆ ಮುರಿಯುತ್ತೇವೆ.
ಹುಯಿಫೆನ್ ಕಾರನ್ನು ಎತ್ತಿ ಎತ್ತಿ ಬೀಳಿಸುತ್ತಾಳೆ,
ಬಿದ್ದಾಗೆಲ್ಲ ಅವಳ ಬಾಯಿಂದ ತಾನಾಗಿ 'ಐಯಾ' ಹೊರಡುತ್ತದೆ,
ಹದಿನಾಲ್ಕು ವರ್ಷದಿಂದ.
ಯುಎಜುವಾನ್ ಗಾಜಿನ ಬುಡ್ಡಿಯಲ್ಲಿ ಜೊಲ್ಲು ಬೆರೆಸುತ್ತಾಳೆ,
ಅದರಲ್ಲಿ ಕೆಂಪು ಬಾತುಕೋಳಿ ನೆನೆಯುತ್ತದೆ,
ಬಣ್ಣ ಬಿಟ್ಟರೆ ಅದರ ಕಥೆ ಮುಗಿಯಿತು.
"ಮನೆಯಲ್ಲಿ ಇದು ಪುಕ್ಕಟೆ ಸಿಗುತ್ತಿತ್ತು, ಹೆಗಲ ಮೇಲೇ!" ಅಂತ ನಗುತ್ತಾಳೆ.
ನನ್ನ ಮಗಳು ಶಾಲೆಯಲ್ಲಿ ಬರೆದಿದ್ದಳು:
ನನ್ನಮ್ಮನಿಗೆ ತುಂಟ ಮಗುವಾಗುವ ಕೆಲಸ.
ಸಂಬಳವೂ ಕೊಡುತ್ತಾರೆ.

ಮಂಗಳವಾರ ಒಂದು ಕರಡಿ ಬಂತು, ಜೇನುಬಣ್ಣದ್ದು.
ಕಣ್ಣಿಗೆ ಇಕ್ಕಳ ಸಿಕ್ಕಿಸಿ ಎಳೆದೆ.
ತೊಂಬತ್ತು ನ್ಯೂಟನ್ ತಡೆಯಬೇಕು, ಹತ್ತು ಸೆಕೆಂಡು.
ಎಂಬತ್ತೆಂಟಕ್ಕೆ ಕಿತ್ತು ಬಂತು, ಹಿಂದೆ ಒಂದೆಳೆ ದಾರ.
ಗಂಟಲಿಗೆ ಹಾಕಿದೆ.
ಟಿಣ್.

ಕಾರ್ಖಾನೆಯ ಝುವಾಂಗ್ ತಾನೇ ಬಂದು ಚಹಾ ಬಗ್ಗಿಸಿದ.
ನಮ್ಮ ಸೀಮೆಯ ಪದ್ಧತಿ, ಎಷ್ಟು ಜನ ಕೂತರೂ ಮೂರೇ ಬಟ್ಟಲು.
"ಎರಡೇ ಎರಡು ನ್ಯೂಟನ್ನಮ್ಮ. ಎರಡೆಂದರೆ ಎಷ್ಟು?
ಒಂದು ಕಿತ್ತಳೆಹಣ್ಣಿನ ಭಾರ.
ಗುರುವಾರ ಹಡಗು. ಹನ್ನೆರಡು ಸಾವಿರ ಕರಡಿ."
ನನಗೆ ಕಿತ್ತಳೆ ಕಾಣಲಿಲ್ಲ. ನನ್ನದೇ ಕೂದಲು ನೆನಪಾಯಿತು.
ಹಲ್ಲು ಮೊಳೆಯುವ ದಿನಗಳಲ್ಲಿ ಮಗಳು ಮುಷ್ಟಿ ಬಿಗಿದು ಜಗ್ಗಿದರೆ
ಕಣ್ಣಲ್ಲಿ ನೀರಾಡುತ್ತಿತ್ತಲ್ಲ,
ಆ ಮುಷ್ಟಿಯನ್ನು ಯಾರು ಅಳೆದಿದ್ದರು?
ಚಹಾ ಕುಡಿದೆ. ಚೆನ್ನಾಗಿತ್ತು.
ಕೆಂಪು ಮೊಹರು ಒತ್ತಿದೆ.

ದಾರದ ಎಳೆ ಮಾತ್ರ ಸಂಜೆಯವರೆಗೂ ಬೆರಳಿಗಂಟಿತ್ತು.
ಆ ಗಂಟಿನ ಗುರುತು ನನಗಿತ್ತು.
ಎಡಕ್ಕೆರಡು ಸುತ್ತು, ಬಲಕ್ಕೊಂದು, ಹಲ್ಲಲ್ಲಿ ಕಚ್ಚಿ ತುಂಡರಿಸಿದ ತುದಿ.
ನಮ್ಮ ಕೆಳಮನೆಯ ಬಾವ್‌ಝು.
ಜೊತೆ ಕಣ್ಣಿಗಿಷ್ಟು ಕಾಸೆಂದು ಮೂಟೆ ತಂದು
ಹೊತ್ತು ಮೀರುವವರೆಗೆ ಹೊಲಿಯುತ್ತಾಳೆ,
ತೊಡೆಯ ಮೇಲೆ ಒಂದೂವರೆ ವರ್ಷದ ಮಗ.

ಶುಕ್ರವಾರ ಮೆಟ್ಟಿಲಲ್ಲಿ ಸಿಕ್ಕಳು.
ಮೂಟೆ ವಾಪಸ್ಸು ಬಂತು, ಕೂಲಿ ಇಲ್ಲವಂತೆ, ಎಂದಳು.
ಯಾರು ಮಾಡಿದ್ದೆಂದು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೆ?
ಗೊತ್ತಿಲ್ಲ.

ಅಂದು ನಡುರಾತ್ರಿ ಬಾಗಿಲು ಬಡಿದವಳು ಅವಳೇ.
ಮಗನ ಮಗ್ಗುಲಲ್ಲಿದ್ದ ಕರಡಿಗೆ ಒಂದು ಕಣ್ಣಿಲ್ಲ.
ಅವನನ್ನೆಬ್ಬಿಸಿ ಬಾಯಿ ತೆರೆಸಿ ಟಾರ್ಚು ಬಿಟ್ಟೆವು,
ಎದೆಗೆ ಕಿವಿಯಿಟ್ಟೆವು, ಅವನು ಕಿರುಚಿದ,
ಆ ಕಿರುಚಾಟದಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.
ಆಮೇಲೆ ಇಬ್ಬರೂ ಅಂಬೆಗಾಲಿಟ್ಟು
ಮಂಚದಡಿ, ಅಕ್ಕಿ ಡಬ್ಬಿಯ ಹಿಂದೆ, ಕಸಬರಿಗೆಯ ಎಳೆಗಳೊಳಗೆ.
ಸಿಕ್ಕಿದ್ದು ಅವಳ ಗಂಡನ ಮಳೆಬೂಟಿನಲ್ಲಿ,
ಕರ್ರಗೆ, ನಮ್ಮನ್ನೇ ನೋಡುತ್ತ.

ಅಂಗೈಯಲ್ಲಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದಳು:
"ಎಷ್ಟು ಸುತ್ತು ಹಾಕಬೇಕಿತ್ತು?"

ಐದು, ಅಂದೆ.

"ಐದಕ್ಕೂ ಮೂರರ ಕೂಲಿಯೇ," ಅಂದಳು.
ಬೈದದ್ದಲ್ಲ, ಲೆಕ್ಕ ಒಪ್ಪಿಸಿದ ಹಾಗೆ.
ಸೂಜಿಗೆ ದಾರ ಪೋಣಿಸತೊಡಗಿದಳು,
ಮೂಟೆಯ ಬಾಯಿ ಬಿಚ್ಚಿಯೇ ಇತ್ತು.

ಅಳು ನಿಲ್ಲದ ಹುಡುಗನನ್ನು ನಾನೆತ್ತಿಕೊಂಡೆ.
ಅವನು ನನ್ನ ಕೂದಲು ಹಿಡಿದ.
ಎಳೆದ.
ಬಿಡಿಸಿಕೊಳ್ಳಲಿಲ್ಲ, ಹಲ್ಲು ಕಚ್ಚಿ
ಹತ್ತರವರೆಗೆ ಎಣಿಸಿದೆ.