ಐವತ್ತೈದು ಕಿಲೋ

ಶಾರ್ಜಾದ ಈ ಶೆಡ್ಡಿನಲ್ಲಿ ಬಟ್ಟೆಗೆ ಊರಿಲ್ಲ.
ಹ್ಯಾಂಬರ್ಗಿನದೋ ಟೊರಾಂಟೊದ್ದೋ,
ಕಂಟೇನರ್ ಬಾಯಿ ತೆರೆದರೆ ಮೊದಲು ಇಳಿಯುವುದು ವಾಸನೆ:
ಯಾರದೋ ಸಾಬೂನು, ಯಾರದೋ ನಾಯಿ,
ತೀರಿಹೋದವರ ಕಪಾಟಿನ ನುಸಿಗುಳಿಗೆ.

ಬೆಲ್ಟಿನ ಎಡಕ್ಕೆ ನಾಲ್ಕನೆಯವಳು ನಾನು.
ಕ್ರೀಮ್, ಎ, ಬಿ. ಉಳಿದದ್ದು ವೈಪರ್,
ಗ್ಯಾರೇಜಿನ ಎಣ್ಣೆ ಒರೆಸಲು ಚೌಕಾಕಾರ ಕತ್ತರಿಸಿದ್ದು.
ಒಂದು ಅಂಗಿಗೆ ಮೂರು ಸೆಕೆಂಡು.
ಕಣ್ಣಿಗಿಂತ ಮುಂಚೆ ಬೆರಳಿಗೆ ತಿಳಿಯುತ್ತದೆ,
ಗುಳೇದಗುಡ್ಡದ ಕುಣಿಮಗ್ಗದ ಪಕ್ಕ ಕೂತು
ಕಂಡಿಕೆ ಸುತ್ತಿದ ಬೆರಳಲ್ಲವೇ.

ಹೊರಗೆ ಆಗಸ್ಟ್, ನಲವತ್ತೇಳು ಡಿಗ್ರಿ.
ಒಳಗೆ ಉಣ್ಣೆ ಕೋಟುಗಳ ಗುಡ್ಡ.

ಎದುರಿಗೆ ನಕಾಟೊ. ಉಗಾಂಡಾದ ಜಿಂಜಾದವಳು.
ನಮ್ಮಿಬ್ಬರ ನಡುವೆ ಮುರುಕು ಹಿಂದಿ,
ಅದಕ್ಕಿಂತ ಮುರುಕಾದ ಅರಬಿ,
ಮತ್ತೆ ಬೆಲ್ಟು.
ಈ ಮೂಟೆಗೆ ಅವಳ ನುಡಿಯಲ್ಲಿ ಮಿವುಂಬಾ ಎಂದು ಹೆಸರು.
ಅವಳವ್ವ ಹೊಳೆದಂಡೆಯ ಗಿರಣಿಯಲ್ಲಿ
ಹದಿನಾರು ಮಗ್ಗ ನೋಡಿಕೊಳ್ಳುತ್ತಿದ್ದಳಂತೆ.
"ಹತ್ತಿ ನಮ್ಮದು, ಮಗ್ಗ ನಮ್ಮದು,
ಆಮೇಲೆ ಇದು ಬಂತು"
ಕೈಲಿದ್ದ ಜೀನ್ಸನ್ನು ಝಾಡಿಸಿ ತೋರಿಸಿದಳು.
ಸಿಟ್ಟಿರಲಿಲ್ಲ.
ಒಂದು ಹೊತ್ತಿನ ಊಟದ ದುಡ್ಡಿಗೆ ಪ್ಯಾಂಟು ಸಿಕ್ಕರೆ
ಹೊಸ ಥಾನಿನ ಕಡೆ ಯಾರು ತಿರುಗುತ್ತಾರೆ?
ಗಿರಣಿಯೊಳಗೆ ಈಗ ಮೆಕ್ಕೆಜೋಳದ ಚೀಲ.
ಆಮೇಲೆ ನಕ್ಕಳು:
ತಂಗಿ ಮನೆ ಕಟ್ಟಿದ್ದೂ ಇದನ್ನೇ ಮಾರಿ,
ತಗಡಲ್ಲ, ಹೆಂಚಿನದು.

ನಮ್ಮ ಓಣಿಯ ಸದ್ದು ಅಡಗಿಸಿದ್ದು ಯಾವುದೆಂದು ಕೇಳಿದಳು.
ಝಾಡಿಸಿ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.
ಪವರ್‌ಲೂಮು ಅಂದರು ಕೆಲವರು, ಸೂರತ್ತು ಅಂದರು,
ಸೊಸೈಟಿಯ ಸೆಕ್ರೆಟರಿ ಅಂದರು,
ಅಜ್ಜಿ ಮಾತ್ರ ಯಾರ ಹೆಸರನ್ನೂ ಅನ್ನಲಿಲ್ಲ.
ಲಾಳಿಯನ್ನು ತೊಳೆದು ಮಾಡಿನಲ್ಲಿಟ್ಟಳು.

ಮೊನ್ನೆ ಬೆಲ್ಟಿನ ಮೇಲೆ ಬಂತೊಂದು ಮಗುವಿನ ಫ್ರಾಕು.
ಮೈತುಂಬ ಸೂಜಿಮಲ್ಲಿಗೆ,
ನಮ್ಮ ಖಣದ್ದೇ, ಅದೇ ಲೆಕ್ಕ, ಅದೇ ಓರೆ.
ಒಂದು ಸೆಕೆಂಡು ಉಸಿರು ಕಟ್ಟಿತು.
ತಿರುವಿದೆ.
ಒಳಮೈ ಬೆಳ್ಳಗೆ.
ನೇಯ್ದದ್ದಕ್ಕೆ ಬೆನ್ನಿರುತ್ತದೆ,
ಅಚ್ಚೊತ್ತಿದ್ದಕ್ಕೆ ಬರೀ ಮುಖ.
ಎಲ್ಲಿ ಅಚ್ಚಾಗಿ, ಯಾವ ಕೂಸಿಗೆ ಗಿಡ್ಡವಾಗಿ,
ಎಷ್ಟು ಸಮುದ್ರ ಸುತ್ತಿ ನನ್ನ ಕೈಗೆ ಬಂತೋ.
"ಲೀಲಾ, ಜಲ್ದಿ!" ಖಟಕ್ ಸಾಹೇಬ ಕೂಗಿದ.
ಶಿವಲೀಲಾ ಎಂದು ಪೂರ್ತಿ ಕರೆಯಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.
ಬಿ ತೊಟ್ಟಿಗೆ ಎಸೆದೆ.
ಎ ಹಾಕಬಹುದಿತ್ತು. ಕಲೆಯಿರಲಿಲ್ಲ.

ಪಾಳಿ ಮುಗಿಯುವಾಗ ಪ್ರೆಸ್ಸಿನಲ್ಲಿ ಹುರಿ ಕಡಿಯಿತು,
ಐವತ್ತೈದು ಕಿಲೋ ಹೊಟ್ಟೆ ಬಿರಿದು ಹೊರಬಂತು.
ನಕಾಟೊ ಮಂಡಿಯೂರಿ ಎರಡೂ ತುದಿ ಹಿಡಿದಳು.
ಹೆಬ್ಬೆರಳ ಮೇಲೆ ಅಡ್ಡ, ಹಿಂದಿನಿಂದ ಒಂದು ಸುತ್ತು,
ಸಂದಿಯಲ್ಲಿ ತೂರಿಸಿ ಎಳೆತ.
ನೋಡುತ್ತ ನಿಂತೆ.
ಹಾಸಿನಲ್ಲಿ ಎಳೆ ಕಡಿದರೆ ಅಜ್ಜಿ ಹಾಕುತ್ತಿದ್ದ ಗಂಟು,
ಫಣಿಗೆ ಸಿಕ್ಕದಷ್ಟು ಸಣ್ಣದು,
ದೀಪವಿಲ್ಲದೆಯೂ ಬರುತ್ತಿತ್ತು ಅವಳಿಗೆ.
ಇವಳದು ಎಡಗೈ, ಅಷ್ಟೇ ಬೇರೆ.

ಕೇಳಲಿಲ್ಲ ನಾನು. ಮಾರ್ಕರಿನಿಂದ ಬರೆದೆ:
ಬಿ, ಮಕ್ಕಳದು, ಕಂಪಾಲಾ.

ಅಲ್ಲಿ ಮೂಟೆ ಬಿಚ್ಚುವವಳು ಅವಳ ತಂಗಿಯಂತೆ.
ಬಿಚ್ಚುವುದೆಲ್ಲಿ, ಅನ್ನುತ್ತಾಳೆ ನಕಾಟೊ,
ಆ ಗಂಟು ಬಿಚ್ಚಲು ಬರುವುದಿಲ್ಲ ಯಾರಿಗೂ.
ಪಕ್ಕದಲ್ಲಿ ಚಾಕು ಹಾಕುತ್ತಾಳೆ.